ವೈನಿ ಇಸ್ತ್ರಿ ಹೊಡೆದ ಚಿತ್ರಗಳು

ಹೋದ ವಾರ ಅವಸರದಲ್ಲಿ ಮಗಳ ಟೀ ಶರ್ಟಿಗೆ ಇಸ್ತ್ರಿ ಮಾಡುವಾಗ ಅದನ್ನು ಒಳಮೈ ಹೊರಗೆ ಮಾಡಿಕೊಳ್ಳುವುದು ಮರೆತುಹೋಯಿತು. ಎದೆಯ ಮೇಲಿದ್ದ ಬೆಕ್ಕಿನ ಚಿತ್ರಕ್ಕೆ ಕಾದ ಪೆಟ್ಟಿಗೆ ತಾಗಿ, ಅರ್ಧ ಬೆಕ್ಕು ಪೆಟ್ಟಿಗೆಗೇ ಅಂಟಿಕೊಂಡು ಬಂತು. ಮಗಳು ಅತ್ತು ರಂಪ ಮಾಡಿದಳು. ನಾನು ಅವಳನ್ನು ಸಮಾಧಾನ ಮಾಡುವುದು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಬಿಸಿ ಹತ್ತಿ ಬಟ್ಟೆ, ಅದರೊಳಗೆ ಕರಗಿದ ಮೇಣದಂಥ ಒಂದು ವಾಸನೆ, ಸ್ವಲ್ಪ ಪ್ಲಾಸ್ಟಿಕ್ಕಿನ ಘಾಟು. ಜೀಡಿಮೆಟ್ಲಾದ ನನ್ನ ಮನೆಯಲ್ಲಿ ನಿಂತಿದ್ದರೂ ಮೂಗು ಮಾತ್ರ ಸನತ್‌ನಗರದ ಆ ಎರಡು ಕೋಣೆಯ ಮನೆಗೆ ಹೋಗಿತ್ತು. ಅಲ್ಲಿ ಅಡುಗೆಮನೆಯ ನೆಲದ ಮೇಲೆ ಊಟದ ಮಣೆ, ಮಣೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಹಳೆಯ ಚಾದರ, ಅದರ ಮುಂದೆ ಮಂಡಿಯೂರಿ ಕೂತು ಎರಡೂ ಕೈಯ ಭಾರ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತುತ್ತಿದ್ದ ನನ್ನ ವೈನಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಜಯಶ್ರೀ. ನನಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಕೆಲಸ ಸಿಕ್ಕಾಗ ರಾಯಚೂರಿನಿಂದ ಒಂದು ಸೂಟ್‌ಕೇಸು, ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದುಕೊಂಡು ಅವರ ಮನೆಗೇ ಬಂದಿಳಿದೆ. ಆಗಷ್ಟೇ ಮುಂಗಾರು ಶುರುವಾಗಿತ್ತು. ಒಂದು ತಿಂಗಳಲ್ಲಿ ಬೇರೆ ರೂಮು ನೋಡಿಕೊಳ್ಳುವೆ ಎಂದು ಅಣ್ಣನ ಮುಂದೆ ಜಂಬದಿಂದ ಹೇಳಿದ್ದೆ. ಆ ಮಳೆಗಾಲ ಮುಗಿಯುವತನಕ ಅಲ್ಲೇ ಉಂಡೆ, ಅಲ್ಲೇ ಮಲಗಿದೆ. ಅಣ್ಣ ಅಲ್ಲೇ ಹತ್ತಿರದ ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಬೆಳಿಗ್ಗೆ ನೀಲಿ ಶರ್ಟು ಹಾಕಿಕೊಂಡು ನಡೆದೇ ಹೋಗುತ್ತಿದ್ದ. ನಾನು ಬಸ್ಸು ಹಿಡಿಯುತ್ತಿದ್ದೆ. ಮನೆಯಲ್ಲಿ ಉಳಿಯುತ್ತಿದ್ದವರು ವೈನಿ ಮತ್ತು ಅವರ ಐದು ವರ್ಷದ ಮಗಳು ನೀಲಾ.

ನೀಲಾಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಏನಾದರೂ ಬೇಕಾದರೆ ಕೈ ಹಿಡಿದು ಜಗ್ಗುತ್ತಿದ್ದಳು. ನಮಗೆ ತಿಳಿಯದಿದ್ದರೆ ಕಿರುಚುತ್ತಿದ್ದಳು. ಆಗಲೂ ತಿಳಿಯದಿದ್ದರೆ ಗೋಡೆಗೆ ಹೋಗಿ ಹಣೆ ಬಡಿದುಕೊಳ್ಳುತ್ತಿದ್ದಳು. ಅವಳು ಗೋಡೆಯ ಕಡೆ ಓಡಿದ ತಕ್ಷಣ ವೈನಿ ತನ್ನ ಅಂಗೈಯನ್ನು ಗೋಡೆಗೂ ಹಣೆಗೂ ನಡುವೆ ಇಡುತ್ತಿದ್ದಳು. ಬಂದ ಹೊಸದರಲ್ಲಿ ವೈನಿಯ ಬಲಗೈಯ ಗೆಣ್ಣುಗಳು ಯಾಕೆ ತರಚಿಕೊಂಡಿವೆ ಎಂದು ನನಗೆ ತಿಳಿದಿರಲಿಲ್ಲ. ಪಾತ್ರೆ ತಿಕ್ಕಿ ಹಾಗಾಗಿರಬೇಕು ಅಂದುಕೊಂಡಿದ್ದೆ.

ಬೋನಾಲು ಎಂಬ ಅಲ್ಲಿಯ ಅಮ್ಮನವರ ಹಬ್ಬದ ಭಾನುವಾರ ತಿಳಿಯಿತು. ಓಣಿಯಲ್ಲಿ ಡೋಲು ಬಡಿಯುತ್ತಿದ್ದರು. ನೀಲಾ ಕಿವಿ ಮುಚ್ಚಿಕೊಂಡು ನನ್ನ ಕೈ ಜಗ್ಗಿದಳು. ಕಿಟಕಿ ಹಾಕಿದೆವು. ನೀರು ಕೊಟ್ಟೆವು, ಹಾಲು ಕೊಟ್ಟೆವು, ಬಿಸ್ಕತ್ತು ಕೊಟ್ಟೆವು. ಅಣ್ಣ ಎತ್ತಿಕೊಂಡು ಒಳಕೋಣೆಗೆ ಹೋದ. ಡೋಲು ದೂರ ಹೋದ ಮೇಲೂ ಅವಳು ನಿಲ್ಲಿಸಲಿಲ್ಲ. ಒಂದು ತಾಸು ವೈನಿಯ ಅಂಗೈಗೆ ಹಣೆ ಬಡಿದು ಬಡಿದು ಸುಸ್ತಾಗಿ ನೆಲದ ಮೇಲೆಯೇ ಮಲಗಿದಳು.

ವೈನಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ನನ್ನ ಕಡೆ ನೋಡದೆಯೇ ಹೇಳಿದಳು, "ಬಡಕೊಳ್ಳೋದು ನೋಡಿ ನೋಡಿ ರೂಢಿ ಆಗೈತಿ ಸುಜಾತಾ. ಆದ್ರ ಇವತ್ತ ಆಕಿಗೆ ಏನ್ ಬೇಕಾಗಿತ್ತು? ಅದು ನನಗ ಎಂದೂ ಗೊತ್ತಾಗೂದಿಲ್ಲ. ಹೆತ್ತಾಕಿ ನಾನು."

ನಾನು ಚಹಾ ಮಾಡಲು ಎದ್ದುಹೋದೆ.

ನೀಲಾಳನ್ನು ವಾರಕ್ಕೊಮ್ಮೆ ಒಬ್ಬ ಮೇಡಂ ಹತ್ತಿರ ಕರೆದೊಯ್ಯುತ್ತಿದ್ದರು. ಮಾತು ಬಾರದ ಮಕ್ಕಳಿಗೆ ಚಿತ್ರದ ಮೂಲಕ ಕೇಳುವುದನ್ನು ಕಲಿಸುತ್ತಿದ್ದವರು ಅವರು. ಮಗುವಿಗೆ ನೀರು ಬೇಕಾದರೆ ನೀರಿನ ಚಿತ್ರ ತಂದು ಕೈಗೆ ಕೊಡಬೇಕು, ಕೊಟ್ಟ ತಕ್ಷಣ ನೀವು ನೀರು ಕೊಡಬೇಕು, ಅಷ್ಟೇ ಪಾಠ ಎಂದು ಹಿಂದಿಯಲ್ಲಿ ಹೇಳಿ ಚಿತ್ರದ ಕಾರ್ಡು ಕೊಟ್ಟಿದ್ದರು. ನೀಲಾ ಆ ಕಾರ್ಡುಗಳನ್ನು ಅಗಿದು ನುಂಗಿದಳು. ಲ್ಯಾಮಿನೇಶನ್ ಮಾಡಿಸಿದರೆ ಅದರ ಮೂಲೆ ತಾಗಿ ತುಟಿ ಸೀಳಿಕೊಂಡಳು. ಬಟ್ಟೆಯನ್ನು ಮಾತ್ರ ಅವಳು ಹರಿಯುತ್ತಿರಲಿಲ್ಲ, ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಇದನ್ನು ಗಮನಿಸಿದವಳು ವೈನಿ. ಹಾಗಾದರೆ ಚಿತ್ರವೇ ಬಟ್ಟೆಯ ಮೇಲೆ ಇರಲಿ ಎಂದು ಅವಳೇ ಯೋಚಿಸಿ, ಫೋನಿನಲ್ಲಿ ಅದನ್ನು ಮಾಡುವ ಬಗೆ ಹುಡುಕಿ, ಕೋಠಿಯ ಬಜಾರಿಗೆ ಹೋಗಿ, ಇಸ್ತ್ರಿಯ ಶಾಖಕ್ಕೆ ಚಿತ್ರವನ್ನು ಬಟ್ಟೆಗೆ ಅಂಟಿಸುವ ಟ್ರಾನ್ಸ್‌ಫರ್ ಪೇಪರ್ ಒಂದು ಕಟ್ಟು ತಂದಳು. ಅಣ್ಣನ ಕಾರ್ಖಾನೆಯ ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಪ್ರಿಂಟರ್ ಒಂದು ಕೇಳಿದ ಕೂಡಲೇ ಮನೆಗೆ ಬಂತು.

ನಾನೋ, ಲ್ಯಾಬಿನಲ್ಲಿ ಕೆಲಸ ಮಾಡುವವಳು. ಪ್ರತಿಯೊಂದಕ್ಕೂ ಬರೆದಿಟ್ಟ ವಿಧಾನ, ಸಹಿ, ತಾರೀಖು. ವೈನಿಯ ಪ್ರಯೋಗಶಾಲೆ ನೋಡಿ ಮೂಗು ಮುರಿದೆ. ಮಳೆಗಾಲದ ಥಂಡಿಗೆ ಪೇಪರು ಮೆತ್ತಗಾಗುತ್ತದೆ, ಶಾಯಿ ಹರಡುತ್ತದೆ ಎಂದು ಅವಳು ಆ ಕಟ್ಟನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸಿಟ್ಟಿದ್ದಳು.

"ಅಲ್ರೀ ವೈನಿ, ನಾಳೆ ಅನ್ನದಾಗ ಪೇಪರ್ ಬಂದ್ರ?"

"ಬಂದ್ರ ನಿನ್ನ ತಾಟಿಗೇ ಬಡಸ್ತೀನಿ, ಪರೀಕ್ಷಾ ಮಾಡಿ ಹೇಳುವಂತಿ," ಅಂದಳು.

ಪೇಪರು ಗರಿಗರಿಯಾಗಿಯೇ ಉಳಿಯಿತು. ನಮ್ಮ ಲ್ಯಾಬಿನಲ್ಲಿ ಗಾಜಿನ ಪಾತ್ರೆಯೊಳಗೆ ತೇವ ಹೀರುವ ಸಿಲಿಕಾ ಹರಳು ಹಾಕಿ ನಾವು ಮಾಡುವುದೂ ಅದೇ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ಸಲ ಅವಳು ಇಂಟರ್‌ನೆಟ್ಟಿನಿಂದಲೇ ಚಿತ್ರ ಇಳಿಸಿಕೊಂಡಳು. ಗಾಜಿನ ಲೋಟದಲ್ಲಿ ನೀರು, ಬ್ರೆಡ್ಡು, ಹಳದಿ ಬಸ್ಸು, ಕುರ್ಚಿಯಂಥ ಕಮೋಡು. ಪ್ರಿಂಟ್ ಮಾಡುವ ಮೊದಲು ಚಿತ್ರವನ್ನು ಎಡಬಲ ತಿರುಗಿಸಬೇಕು, ಯಾಕೆಂದರೆ ಪೇಪರನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಒತ್ತುವಾಗ ಅದು ಮತ್ತೆ ತಿರುಗಿ ಸರಿಯಾಗುತ್ತದೆ. ವೈನಿ ಇದನ್ನು "ಕನ್ನಡಿ ಮಾಡೋದು" ಅನ್ನುತ್ತಿದ್ದಳು. ಆಮೇಲೆ ಚಿತ್ರದ ಅಂಚಿಗೇ ಕತ್ತರಿ ಆಡಿಸಿ, ಬಟ್ಟೆಯ ಮೇಲಿಟ್ಟು, ನೀರು ಚಿಮುಕಿಸದೆ, ಒಣ ಪೆಟ್ಟಿಗೆಯನ್ನು ಭಾರ ಹಾಕಿ ಒತ್ತಬೇಕು. ಅಂಚಿಗೆ ಇನ್ನೊಂದು ಸಲ. ಪೂರ್ತಿ ಆರಿದ ಮೇಲೆ ಹಿಂದಿನ ಕಾಗದ ಎಬ್ಬಿಸಬೇಕು. ಮನೆಯ ಪೆಟ್ಟಿಗೆಗೆ ಉಗಿ ಬಿಡುವ ತೂತುಗಳಿದ್ದವು. ತೂತು ಇದ್ದಲ್ಲೆಲ್ಲ ಶಾಖ ತಾಗದೆ ಚಿತ್ರದ ಮೇಲೆ ಸಿಡುಬಿನಂಥ ಕಲೆಗಳು ಬಿದ್ದವು. ಅಣ್ಣ ಗುರುವಾರ ಹಳೆ ಸಾಮಾನಿನ ಸಂತೆ ಜುಮ್ಮೇರಾತ್ ಬಜಾರಿಗೆ ಹೋಗಿ ಹಳೆಯ ಕಾಲದ, ತಳ ಸಪಾಟಾಗಿರುವ, ಒನಕೆಯಷ್ಟು ಭಾರದ ಪೆಟ್ಟಿಗೆಯೊಂದನ್ನು ಹುಡುಕಿ ತಂದು ವೈರು ಬದಲಿಸಿ ಕೊಟ್ಟ. ಮರುದಿನ ಚಿತ್ರಗಳು ಅಂಗಡಿಯಲ್ಲಿ ತಂದಂತೆ ಬಂದವು. ನಾನೂ ಮನಸಾರೆ ಹೊಗಳಿದೆ.

ನೀಲಾ ಮಾತ್ರ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಎರಡು ವಾರ ವೈನಿ ಪ್ರತಿ ಸಲ ನೀರು ಕೊಡುವಾಗ ಆ ಗಾಜಿನ ಲೋಟದ ಬಟ್ಟೆ ಅವಳ ಕೈಗಿಟ್ಟಳು. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ಬೀಸಾಡಿದಳು. ನಾನು ಒಳಗೊಳಗೇ, ಈ ಮಗುವಿಗೆ ಇದು ಆಗದ ಕೆಲಸ, ವೈನಿ ಸುಮ್ಮನೆ ಮೈ ನೋಯಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಅಂದುಕೊಂಡದ್ದನ್ನು ಇವತ್ತು ಬರೆಯಲೂ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ನಾನು ರಜೆಯ ಮೇಲಿದ್ದೆ. ಅಡುಗೆಮನೆಗೆ ಹೋದರೆ ವೈನಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ನೆಲದ ಮೇಲೆ ಬೋರಲು ಮಲಗಿ, ಫೋನು ಹಿಡಿದು ಕಟ್ಟೆಯ ಮೇಲಿದ್ದ ಸ್ಟೀಲಿನ ತಂಬಿಗೆಯ ಫೋಟೋ ತೆಗೆಯುತ್ತಿದ್ದಳು.

"ಏನ್ ನಡಿಸೀರಿ ವೈನಿ?"

"ಸುಜಾತಾ, ನಮ್ಮ ಮನ್ಯಾಗ ಗಾಜಿನ ಲೋಟ ಎಲ್ಲೈತಿ ಹೇಳು. ಇಕಿ ಹುಟ್ಟಿದಾಗಿಂದ ಈ ತಂಬಿಗ್ಯಾಗ ನೀರು ಕುಡ್ಯಾಕತ್ತಾಳ. ಬ್ರೆಡ್ ಯಾವಾಗ ತಿಂದಾಳ? ಹಳದಿ ಬಸ್ ಯಾವಾಗ ನೋಡ್ಯಾಳ? ತಪ್ಪು ಆಕೀದಲ್ಲ, ನಂದು."

"ಅದಕ್ಕ ಮಲಗಿ ತೆಗೀಬೇಕೇನ್ರಿ?"

"ಕೆಳಗ ಕುಂತ ಆಕಿ ಎತ್ತರದಿಂದ ತಂಬಿಗಿ ಹೀಂಗ ಕಾಣ್ತೈತಿ. ಬಂದು ನೋಡು."

ನಾನೂ ಅವಳ ಪಕ್ಕದಲ್ಲಿ ಮಲಗಿ ನೋಡಿದೆ. ಕೆಳಗಿನಿಂದ ತಂಬಿಗೆಯ ಬಾಯಿ ಕಾಣುತ್ತಿರಲಿಲ್ಲ. ದುಂಡನೆಯ ಹೊಟ್ಟೆ, ಅದರ ಮೇಲೊಂದು ತಗ್ಗು, ಅಷ್ಟೇ. ಕಾರ್ಖಾನೆಯಲ್ಲಿ ನನಗೆ ತರಬೇತಿ ಕೊಟ್ಟವರು ಬಹಳ ಮಂದಿ. ನೋಡುವುದು ಹೇಗೆ ಎಂದು ಕಲಿಸಿದವಳು ಮಾತ್ರ ಬಿಎ ಮುಗಿಸಿ ಮನೆಯಲ್ಲಿ ಕೂತಿದ್ದಾಳೆ ಎಂದು ನಾನು ಅಂದುಕೊಂಡಿದ್ದ ಈ ಹೆಂಗಸು.

ಮರುದಿನದೊಳಗೆ ಎಲ್ಲ ಫೋಟೋ ಆದವು. ತಾಟಿನಲ್ಲಿ ಜೋಳದ ರೊಟ್ಟಿ. ಹಸಿರು ಬಕೆಟ್ಟು ಕಾಣುವಂತೆ ಬಚ್ಚಲಿನ ಬಾಗಿಲು. ಮೊಸರಿನ ಗಡಿಗೆ. ಅವಳು ಹೊದೆಯುವ ಕೌದಿ. ನೀಲಿ ಶರ್ಟಿನಲ್ಲಿ ಅಣ್ಣ. ಬಸ್ಸಿನ ಮುಂದೆ ನಾನು, ಪಟಾನ್‌ಚೆರುವಿನ ಬಸ್ಸಿನ ಬಾಗಿಲಲ್ಲಿ ಜನ ನೂಕುತ್ತಿರುವಾಗ ತಿರುಗಿ ನಿಂತು ಹಲ್ಲುಕಿರಿದ ಫೋಟೋ.

"ನಿಮ್ಮದೂ ಒಂದು ಹಾಕ್ರಿ ವೈನಿ," ಅಂದೆ.

"ನಂದ್ಯಾಕ? ಹೋಗೋ ಮಂದೀದು ಹಾಕಿದ್ರ ಸಾಕು. ನಾ ಎಲ್ಲಿಗೆ ಹೋಗಾಕಿ?"

ಬಟ್ಟೆಗೆ ನಮ್ಮ ಅಪ್ಪನ ಹಳೆಯ ಧೋತರವೊಂದಿತ್ತು. ತೊಳೆದು ತೊಳೆದು ಮೆತ್ತಗಾಗಿದ್ದ ಹತ್ತಿ. ನಾನೂ ಏನಾದರೂ ಮಾಡಬೇಕಲ್ಲ ಎಂದು ಅದನ್ನು ನಾನೇ ತೊಳೆದೆ. ತೊಳೆದು, ನಮ್ಮ ಅವ್ವ ಕಲಿಸಿದ ಹಾಗೆ, ಅನ್ನ ಬಸಿದ ಗಂಜಿ ಅದ್ದಿ ಹಿಂಡಿ ಒಣಹಾಕಿದೆ. ನಮ್ಮ ಮನೆಯಲ್ಲಿ ಬಿಳಿಯ ಹತ್ತಿ ಬಟ್ಟೆ ಗಂಜಿ ಕಾಣದೆ ಹಗ್ಗ ಏರಿದ್ದೇ ಇಲ್ಲ. ಇಸ್ತ್ರಿ ಚೆನ್ನಾಗಿ ಕೂಡುತ್ತದೆ ಎಂಬ ಲೆಕ್ಕ ನನ್ನದು. ವೈನಿಗೆ ಹೇಳಲೂ ಇಲ್ಲ, ಹೇಳುವಂಥ ಸಂಗತಿ ಎಂದು ಅನ್ನಿಸಿರಲೂ ಇಲ್ಲ.

ಚಿತ್ರಗಳು ಸೊಗಸಾಗಿ ಬಂದವು. ವೈನಿ ಪ್ರತಿ ತುಂಡಿನ ಹಿಂದೆ ಹಳೆಯ ಸೀರೆಯ ಎರಡು ಪದರ ಇಟ್ಟು, ಕೌದಿಗೆ ಹಾಕುವ ಹಾಗೆ ಸುತ್ತ ಸಾಲುಹೊಲಿಗೆ ಹಾಕಿ, ಮೇಲೊಂದು ಟಿಚ್ ಬಟನ್ ಕೂಡಿಸಿದಳು. ಅಂಟುಪಟ್ಟಿ ಹಾಕಿದರೆ ಎಳೆದಾಗ ಚರ್ ಎನ್ನುತ್ತದೆ, ಆ ಸದ್ದಿಗೆ ಮಗು ಬೆಚ್ಚುತ್ತದೆ ಎಂದು ಬಟನ್. ಅಡುಗೆಮನೆಯ ಬಾಗಿಲ ಹಿಂದೆ ಉದ್ದನೆಯ ಬಟ್ಟೆಯ ಪಟ್ಟಿ ತೂಗುಹಾಕಿ ಅದಕ್ಕೆ ಎಲ್ಲವನ್ನೂ ಸಿಕ್ಕಿಸಿದಳು. ಮೂರನೆಯ ದಿನ ನೀಲಾ ಪಟ್ಟಿಯ ಮುಂದೆ ನಿಂತು ರೊಟ್ಟಿಯ ಚಿತ್ರದ ಮೇಲೆ ಬೆರಳಿಟ್ಟಳು. ಬರೀ ಬೆರಳಿಟ್ಟಳು, ತೆಗೆಯಲಿಲ್ಲ.

ಆ ಸಂಜೆ ಜೊಲ್ಲು ಹತ್ತಿದ ಚಿತ್ರಗಳನ್ನು ವೈನಿ ನೀರಿನಲ್ಲಿ ಅದ್ದಿದ್ದೇ ತಡ, ತಂಬಿಗೆ, ರೊಟ್ಟಿ, ಅಣ್ಣ ಎಲ್ಲರೂ ಹಾಲಿನ ಕೆನೆಯ ಹಾಗೆ ಬಟ್ಟೆ ಬಿಟ್ಟೆದ್ದು ಬಕೆಟ್ಟಿನಲ್ಲಿ ತೇಲಿದರು. ಮರುದಿನ ನೀಲಾ ಪಟ್ಟಿಯ ಹತ್ತಿರ ಬಂದು, ರೊಟ್ಟಿ ಇದ್ದ ಜಾಗದಲ್ಲಿ ಬಿಳಿಯ ತುಂಡು ನೋಡಿ, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗೋಡೆಯ ಕಡೆ ಓಡಿದಳು. ವೈನಿ ಅಂಗೈ ಇಡುವಷ್ಟರಲ್ಲಿ ಹಣೆ ಒಡೆದಿತ್ತು.

ಶಾಖ ಸಾಲದೋ, ಪೇಪರು ಕೆಟ್ಟದ್ದೋ ತಿಳಿಯದೆ ವೈನಿ ಆ ಬಿಳಿಯ ತುಂಡು ಹಿಡಿದುಕೊಂಡು ಓಣಿಯ ತುದಿಯಲ್ಲಿ ಬಂಡಿ ಇಟ್ಟುಕೊಂಡಿದ್ದ ಯಾದಗಿರಿ ಎಂಬ ಇಸ್ತ್ರಿಯವನ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಯಾದಗಿರಿ ಕೆಂಡದ ಪೆಟ್ಟಿಗೆ ಬದಿಗಿಟ್ಟು, ತುಂಡನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ ತೆಲುಗಿನಲ್ಲಿ ಒಂದೇ ಮಾತು ಕೇಳಿದ. "ಗಂಜಿ ಪೆಟ್ಟಾರಾ ಅಮ್ಮಾ?" ಗಂಜಿ ಹಾಕಿದ್ದೀರಾ ಎಂದು.

ವೈನಿ ಇಲ್ಲ ಎಂದು ತಲೆಯಾಡಿಸಿದಳು. ನನಗೆ ಆಗ ಹೊಳೆಯಿತು. ಚಿತ್ರ ಅಂಟಿದ್ದು ಬಟ್ಟೆಗಲ್ಲ, ನಡುವೆ ಕೂತಿದ್ದ ಗಂಜಿಗೆ. ಗಂಜಿ ನೀರಿನಲ್ಲಿ ಕರಗಿತು, ಚಿತ್ರವೂ ಹೋಯಿತು. ದಿನಾ ಎಂಟು ತಾಸು ಯಾವುದು ಯಾವುದರಲ್ಲಿ ಕರಗುತ್ತದೆ ಎಂದು ಬರೆದಿಡುವ ಕೆಮಿಸ್ಟು ನಾನು!

"ನಾನ ಹಾಕಿದ್ನಿರಿ ವೈನಿ," ಅಂದೆ. ನನ್ನ ಕಣ್ಣ ಮುಂದೆ ನೀಲಾಳ ಹಣೆಯ ಪಟ್ಟಿ ಇತ್ತು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ವೈನಿ ತುಂಡನ್ನು ನನ್ನ ಕೈಗೆ ತುರುಕಿದಳು. "ಗಂಜಿ ಹಾಕಿದ ಕೈ ನಿಂದು. ತಗ್ಯೋ ಕೈನೂ ನಿಂದ ಇರಲಿ. ಉಳಿದ ಧೋತರ ಮೂರ ಸಲ ಬಿಸಿನೀರಾಗ ತೊಳಿ. ನಾ ಹೊಸಾವು ಪ್ರಿಂಟ್ ತೆಗೀತೀನಿ." ಮನೆಗೆ ಹೋಗುವ ದಾರಿಯುದ್ದಕ್ಕೂ ಮಳೆ ಹನಿಯುತ್ತಿತ್ತು. ಅವಳು ಆಗಲೇ ಯಾವ ಚಿತ್ರ ಸ್ವಲ್ಪ ದೊಡ್ಡದಾಗಿರಬೇಕು ಎಂದು ಹೇಳತೊಡಗಿದ್ದಳು.

ಮಳೆಗೆ ಬಟ್ಟೆ ಒಣಗಲಿಲ್ಲ. ಫ್ಯಾನಿನ ಕೆಳಗೆ ಹರವಿ, ಮೂರು ಸಲ ತೊಳೆದದ್ದನ್ನು ನಾಲ್ಕನೆಯ ಸಲವೂ ತೊಳೆದು, ಯಾದಗಿರಿಗೆ ಮುಟ್ಟಿಸಿ ಹ್ಞೂಂ ಅನ್ನಿಸಿಕೊಂಡು ಬಂದೆ. ವೈನಿ ಮತ್ತೆ ಎಲ್ಲ ಚಿತ್ರ ಒತ್ತಿದಳು, ಮತ್ತೆ ಹೊಲಿದಳು. ಅವಸರದಲ್ಲಿ ಒಮ್ಮೆ ಪೆಟ್ಟಿಗೆಯನ್ನು ಚಾದರದ ಮೇಲೆಯೇ ಬಿಟ್ಟು ನೀಲಾಳ ಹಿಂದೆ ಓಡಿದ್ದರಿಂದ ಚಾದರದ ನಡುವೆ ಪೆಟ್ಟಿಗೆಯ ಆಕಾರದ ಕಂದು ಗುರುತು ಬಿತ್ತು. ಇಷ್ಟೂ ದಿನ ನೀಲಾ ಗೋಡೆಗೊರಗಿ ಕೂತು ಅವ್ವ ಇಸ್ತ್ರಿ ಮಾಡುವುದನ್ನು ನೋಡುತ್ತಿದ್ದಳು.

ಗಣೇಶನನ್ನು ಕಳಿಸಿ ನಾಲ್ಕು ದಿನವಾಗಿತ್ತು. ನಾನು ಟಿಫಿನ್ ಡಬ್ಬಿ ಕಟ್ಟಿಕೊಳ್ಳುತ್ತಿದ್ದೆ. ವೈನಿ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಹಿಂದೆ ಟಕ್ ಎಂದು ಬಟನ್ ಬಿಚ್ಚಿದ ಸದ್ದು. ನೀಲಾ ತಂಬಿಗೆಯ ಚಿತ್ರ ಹಿಡಿದುಕೊಂಡು ಬಂದು, ಹಿಟ್ಟು ಹತ್ತಿದ ವೈನಿಯ ಅಂಗೈಯಲ್ಲಿ ಇಟ್ಟು ನಿಂತಳು. ವೈನಿ ಹಿಟ್ಟಿನ ಕೈಯಲ್ಲೇ ನೀರು ತುಂಬಿ ಕೊಟ್ಟಳು. ನೀಲಾ ಗಟಗಟ ಕುಡಿದು, ತಂಬಿಗೆ ಕೆಳಗಿಟ್ಟು ಆಡಲು ಹೋದಳು. ಹಂಚಿನ ಮೇಲೆ ರೊಟ್ಟಿ ಸೀದು ಹೋಗುವತನಕ ನಾವಿಬ್ಬರೂ ಅಲುಗಾಡಲಿಲ್ಲ. ನನ್ನ ಬಸ್ಸು ತಪ್ಪಿತು. ಆಮೇಲೆ ಒಂದೊಂದೇ ಚಿತ್ರ ಬರತೊಡಗಿತು. ರೊಟ್ಟಿ ಬಂತು, ಬಚ್ಚಲು ಬಂತು, ನಾನು ಮನೆಗೆ ಬರುವ ಸಂಜೆ ಆರರ ಸುಮಾರಿಗೆ ದಿನಾ ನನ್ನ ಬಸ್ಸಿನ ಚಿತ್ರ ಬಂತು. ಗೋಡೆಯ ಕಡೆ ಓಡುವುದು ವಾರಕ್ಕೊಂದು ಸಲಕ್ಕೆ ಇಳಿಯಿತು. ವೈನಿಯ ಗೆಣ್ಣುಗಳ ಮೇಲೆ ಹೊಸ ಚರ್ಮ ಬಂತು.

ಮಳೆ ಹಿಂದೆ ಸರಿಯುವ ಹೊತ್ತಿಗೆ ಓಣಿಯಲ್ಲಿ ಡೆಂಗಿ ಜ್ವರ ಬಂತು. ಮೊದಲು ಬಿದ್ದವಳು ವೈನಿ. ಆಸ್ಪತ್ರೆಗೆ ಸೇರಿಸಬೇಕಾಯಿತು. ಅಣ್ಣ ಅಲ್ಲಿ, ನಾನು ರಜೆ ಹಾಕಿ ಮನೆಯಲ್ಲಿ ನೀಲಾಳ ಜೊತೆ. ಮೊದಲ ದಿನ ಹೇಗೋ ಕಳೆಯಿತು. ಎರಡನೆಯ ದಿನ ಅವಳು ಉಣ್ಣಲಿಲ್ಲ. ಪಟ್ಟಿಯ ಮುಂದೆ ನಿಂತು ಮೇಲಿನಿಂದ ಕೆಳಗೆ ಒಂದೊಂದೇ ಚಿತ್ರ ಮುಟ್ಟುವಳು, ಮತ್ತೆ ಕೆಳಗಿನಿಂದ ಮೇಲೆ. ನೀರು ಕೊಟ್ಟೆ, ಬೇಡ. ಮೊಸರು, ಬೇಡ. ಕೌದಿ ಹೊದಿಸಿದೆ, ಒದ್ದಳು. ಕೊನೆಗೆ ಗೋಡೆಯ ಕಡೆ ಓಡಿದಳು. ನಾನು ವೈನಿಯ ಹಾಗೆ ಅಂಗೈ ಇಟ್ಟೆ. ಅಷ್ಟು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ತಾನಾಗಿಯೇ ನಿಲ್ಲಿಸಿದಳು. ಅಡುಗೆಮನೆಗೆ ಹೋಗಿ ಮೂಲೆಯ ಗೂಡಿನಲ್ಲಿ ಮಡಚಿಟ್ಟಿದ್ದನ್ನು ಎಳೆದು, ನೆಲದ ಮೇಲೆ ಎಳೆಯುತ್ತಲೇ ತಂದು, ಕಂದು ಗುರುತು ಮೇಲೆ ಬರುವ ಹಾಗೆ ನನ್ನ ಕೈಯಲ್ಲಿಟ್ಟಳು. ವೈನಿ ಇಸ್ತ್ರಿ ಮಾಡುವ ಚಾದರ. ಇಟ್ಟು, ತಂಬಿಗೆಯ ಚಿತ್ರ ಕೊಟ್ಟಾಗ ನಿಲ್ಲುವ ಹಾಗೆಯೇ ನಿಂತಳು, ಕೊಡುತ್ತಾರೆ ಎಂದು ಕಾಯುತ್ತ.

ಅವಳಿಗೆ ಅವ್ವ ಬೇಕಾಗಿತ್ತು. ಅವ್ವನ ಚಿತ್ರ ಒಂದೇ ಇರಲಿಲ್ಲ. ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಅಪ್ಪಿಕೊಂಡರೆ ಅವಳಿಗೆ ಆಗುವುದಿಲ್ಲ ಎಂದು ಗೊತ್ತಿದ್ದೂ.

ಅವತ್ತೇ ನನ್ನ ಫೋನಿನಲ್ಲಿದ್ದ ವೈನಿಯ ಫೋಟೋ ಒಂದನ್ನು ಆರಿಸಿದೆ. ಅಕ್ಕಿಯೊಳಗೆ ಕೈ ಹಾಕಿ ಉಳಿದಿದ್ದ ಪೇಪರು ತೆಗೆದು ಅದರ ಮೇಲೆ ಪ್ರಿಂಟ್ ಮಾಡಿದೆ. ಧೋತರದ ಕೊನೆಯ ತುಂಡಿನ ಮೇಲೆ ಮೊದಲ ಬಾರಿಗೆ ನನ್ನ ಕೈಯಿಂದ ಒತ್ತಿದೆ. ಆರುವುದನ್ನು ಕಾದು ಕಾಗದ ಎಬ್ಬಿಸಿದಾಗ ಎಲ್ಲವೂ ಸರಿಯಾಗಿ ಬಂದಿತ್ತು, ಮೂಗುತಿ ಒಂದು ಬಿಟ್ಟು. ಎಡಗಡೆ ಇರಬೇಕಾದ ಮೂಗುತಿ ಬಲಗಡೆ ಹೊಳೆಯುತ್ತಿತ್ತು. ಕನ್ನಡಿ ಮಾಡುವುದು ಮರೆತಿದ್ದೆ. ಇನ್ನೊಂದು ಮಾಡಲು ಬಟ್ಟೆ ಇರಲಿಲ್ಲ. ಬಟನ್ ಹಚ್ಚಿ ಪಟ್ಟಿಗೆ ಸಿಕ್ಕಿಸಿದೆ. ನೀಲಾ ಅದನ್ನು ಬಿಚ್ಚಿ ಕೆನ್ನೆಗೆ ಒತ್ತಿಕೊಂಡು ಮಲಗಿದಳು. ಬೆಳಿಗ್ಗೆ ಅದನ್ನು ನನ್ನ ಕೈಗೆ ಕೊಟ್ಟಳು. "ಬರ್ತಾಳವಾ, ನಿಮ್ಮವ್ವ ಬರ್ತಾಳ," ಅಂದೆ. ಆ ದಿನ ಏಳು ಸಲ ಕೊಟ್ಟಳು, ಏಳು ಸಲವೂ ಅದನ್ನೇ ಹೇಳಿದೆ. ಕೊಟ್ಟ ಚಿತ್ರಕ್ಕೆ ಕೇಳಿದ್ದನ್ನು ಕೊಡಲಾಗದೆ ಹೋದದ್ದು ನನ್ನ ಜೀವ ತಿಂದಿತು.

ಐದನೆಯ ದಿನ ಅಣ್ಣನ ಹೆಗಲು ಹಿಡಿದುಕೊಂಡು ವೈನಿ ಬಂದಳು. ಅರ್ಧ ಆಗಿಹೋಗಿದ್ದಳು. ನೀಲಾ ಬಾಗಿಲಲ್ಲಿ ನಿಂತವಳನ್ನು ನೋಡಿದಳು. ಓಡಿ ಬರಲಿಲ್ಲ. ತಿರುಗಿ ಒಳಗೆ ಹೋದಳು. ವೈನಿಯ ಮುಖ ಬಾಡಿದ್ದನ್ನು ಕಂಡೆ. ಒಳಗೆ ಟಕ್ ಎಂದಿತು. ನೀಲಾ ಆ ಚಿತ್ರ ಹಿಡಿದುಕೊಂಡು ಬಂದು, ಅದನ್ನು ವೈನಿಯ ಕೈಯಲ್ಲಿಟ್ಟು, ಎದುರಿಗೆ ನಿಂತಳು. ತನಗೆ ಅವ್ವ ಬೇಕು ಎಂದು ಅವ್ವನನ್ನೇ ಕೇಳಿದಳು.

ವೈನಿ ಹೊಸ್ತಿಲ ಮೇಲೆಯೇ ಕುಸಿದು ಕೂತಳು. "ಬಂದೆ ನಮ್ಮವ್ವಾ, ಬಂದೆ," ಅಂದಳು, "ತಗೋ, ಬಂದೆ." ನೀಲಾ ಅವಳ ತೊಡೆಯ ಮೇಲೆ ಹತ್ತಿ ಕೂತು ಸೆರಗು ಎಳೆದು ಕೆನ್ನೆಗೆ ಒತ್ತಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ವೈನಿ ಕಣ್ಣೊರೆಸಿಕೊಂಡು ಕೈಯಲ್ಲಿದ್ದ ಚಿತ್ರ ನೋಡಿದಳು, ನನ್ನನ್ನು ನೋಡಿದಳು.

"ಸುಜಾತಾ, ಕನ್ನಡಿ ಮಾಡೋದು ಮರ್ತಿಯಲ್ಲ ಹುಚ್ಚಿ."

"ಇನ್ನೊಂದು ಮಾಡ್ತೀನ್ರಿ ವೈನಿ."

"ಬ್ಯಾಡ," ಅಂದಳು, "ಆಕಿ ಇದನ್ನ ಕೊಟ್ಟು ನನ್ನ ಕೇಳ್ಯಾಳ. ಇದ ಇರಲಿ."